ಹಳೆಯ ಗಣಕಯಂತ್ರಕ್ಕೆ ಹೊಸ ಲಿನಕ್ಸ್: ಪರೀಕ್ಷಿಸಿ ನೋಡುವ ಕ್ರಮ

ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಅಂದು ಯಾವ ಗಣಕಯಂತ್ರವೂ ನಿಂತುಹೋಗಲಿಲ್ಲ. ಕಡೂರು, ಬೀರೂರು, ತರೀಕೆರೆ, ಅಜ್ಜಂಪುರಗಳ ಮಂಡಿಗಳಲ್ಲಿ ಮರುದಿನವೂ ಎಂದಿನಂತೆ ಬಿಲ್ಲುಗಳು ಮುದ್ರಣಗೊಂಡವು. ಆದುದರಿಂದಲೇ ಈ ವಿಷಯವನ್ನು ಅಲಕ್ಷಿಸುವುದು ಸುಲಭ.

ಅಲಕ್ಷ್ಯದ ಬೆಲೆ ಏನೆಂಬುದಕ್ಕೆ 2017ರ ಮೇ ತಿಂಗಳಿನ ‘ವಾನ್ನಾಕ್ರೈ’ ಹಾವಳಿಯೇ ನಿದರ್ಶನ. ಗಣಕಯಂತ್ರದ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಈ ಕುತಂತ್ರಾಂಶವು ಬಳಸಿಕೊಂಡ ರಂಧ್ರವನ್ನು ಮುಚ್ಚುವ ತಿದ್ದುಪಡಿಯು ಅದೇ ವರ್ಷದ ಮಾರ್ಚ್‌ನಲ್ಲಿಯೇ ಬಿಡುಗಡೆಯಾಗಿತ್ತು. ಅದನ್ನು ಅಳವಡಿಸಿಕೊಳ್ಳದ ಯಂತ್ರಗಳೇ ಬಲಿಯಾದವು. ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 36ನೇ ಕಲಮಿನ ಪ್ರಕಾರ ಲೆಕ್ಕಪುಸ್ತಕಗಳನ್ನು ವಾರ್ಷಿಕ ವಿವರಪಟ್ಟಿಯ ಕೊನೆಯ ದಿನಾಂಕದಿಂದ 72 ತಿಂಗಳುಗಳ ಕಾಲ ಕಾಪಾಡಬೇಕು. ಅಂದರೆ 2023-24ನೇ ಸಾಲಿನ ಲೆಕ್ಕವು 2030ರ ಡಿಸೆಂಬರ್ 31ರವರೆಗೆ ಕೈಗೆ ಸಿಗುವಂತಿರಬೇಕು. ಬೀಗ ಬಿದ್ದ ಕಡತವನ್ನು ಅಧಿಕಾರಿಯ ಮುಂದೆ ಇಡಲಾಗದು.

ವಿಂಡೋಸ್ 11ಕ್ಕೆ ಬದಲಾಗಬಹುದಲ್ಲವೇ ಎಂಬುದು ಸಹಜ ಪ್ರಶ್ನೆ. ಆದರೆ ಅದಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ಘಟಕವೂ, ಇಂಟೆಲ್ ಯಂತ್ರವಾದರೆ ಸಾಮಾನ್ಯವಾಗಿ ಎಂಟನೆಯ ಅಥವಾ ನಂತರದ ಪೀಳಿಗೆಯ ಸಂಸ್ಕಾರಕವೂ ಬೇಕು. 2017ಕ್ಕೆ ಮುಂಚೆ ಕೊಂಡ ಬಹುತೇಕ ಯಂತ್ರಗಳು ಇಲ್ಲಿಯೇ ಹೊರಗುಳಿಯುತ್ತವೆ. ಪರವಾನಗಿಯಿಲ್ಲದ ಪ್ರತಿಯನ್ನು ಹಾಕಿಸಿಕೊಳ್ಳುವ ಅಡ್ಡದಾರಿಯಂತೂ ಬೇಡ. ಅಂತಹ ಪ್ರತಿಯನ್ನು ತಿಳಿದೂ ಬಳಸುವುದು ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಡಿ ಕನಿಷ್ಠ 7 ದಿನಗಳಿಂದ 3 ವರ್ಷಗಳವರೆಗಿನ ಸೆರೆವಾಸ ಹಾಗೂ 50,000 ರೂಪಾಯಿಗಳಿಂದ 2 ಲಕ್ಷದವರೆಗಿನ ದಂಡಕ್ಕೆ ಗುರಿಪಡಿಸಬಲ್ಲ ಅಪರಾಧ.

ಉಳಿಯುವ ಮಾರ್ಗಗಳೆಂದರೆ ಹೊಸ ಯಂತ್ರದ ಖರೀದಿ, ಇಲ್ಲವೇ ಲಿನಕ್ಸ್. 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ತಿರುಳಿನ ಮೇಲೆ ಬೇರೆ ಬೇರೆ ತಂಡಗಳು ತಮ್ಮ ತಮ್ಮ ‘ವಿತರಣೆ’ಗಳನ್ನು ಸಿದ್ಧಪಡಿಸುತ್ತವೆ. ಒಂದೇ ತೋಟದ ಅಡಿಕೆಯು ಕೊಯ್ಲು ಮತ್ತು ಸಂಸ್ಕರಣೆಗೆ ತಕ್ಕಂತೆ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬೇರೆಯಾಗುವುದಿಲ್ಲವೇ, ಹಾಗೆ. ಉಬುಂಟು, ಮಿಂಟ್, ಡೆಬಿಯನ್, ನಮ್ಮ ದೇಶದ ಸಿ-ಡ್ಯಾಕ್ ರೂಪಿಸಿದ ಬಾಸ್ ಇವೆಲ್ಲವೂ ವಿತರಣೆಗಳೇ.

ಹೊಸ ಬಿಡುಗಡೆ ಎಂದೊಡನೆ ಅತ್ಯಂತ ಹೊಸದನ್ನೇ ಆರಿಸುವುದು ವ್ಯಾಪಾರಕ್ಕೆ ಹಿತವಲ್ಲ. ಉಬುಂಟುವಿನ ಆರು ತಿಂಗಳಿಗೊಮ್ಮೆ ಬರುವ ಮಧ್ಯಂತರ ಬಿಡುಗಡೆಗಳಿಗೆ ಕೇವಲ ಒಂಬತ್ತು ತಿಂಗಳ ಬೆಂಬಲ. ಎರಡು ವರ್ಷಗಳಿಗೊಮ್ಮೆ ಬರುವ ದೀರ್ಘಾವಧಿ ಬಿಡುಗಡೆಗೆ ಐದು ವರ್ಷ. ಅಂತಹ ಉಬುಂಟು 24.04ನ್ನು ಆಧರಿಸಿ 2024ರ ಜುಲೈನಲ್ಲಿ ಬಂದ ಮಿಂಟ್ 22ರ ಸರಣಿಗೆ 2029ರವರೆಗೆ ಭದ್ರತಾ ಪರಿಷ್ಕರಣೆ ಇದೆ. ವಿಂಡೋಸ್ ಬಳಸಿ ರೂಢಿಯಿರುವ ಗುಮಾಸ್ತರಿಗೆ ಇದರ ಪರದೆಯೂ ಅಪರಿಚಿತವೆನಿಸದು. 2 ಜಿ.ಬಿ. ಸ್ಮೃತಿ ಸಾಕೆಂದು ಹೇಳಿದ್ದರೂ 4 ಜಿ.ಬಿ. ಇದ್ದರೆ ಮಾತ್ರ ಸರಾಗ. ಯಂತ್ರವು 64 ಬಿಟ್‌ನದಾಗಿರಲೇಬೇಕು.

ಲಿನಕ್ಸ್‌ನ ದೊಡ್ಡ ಅನುಕೂಲವೆಂದರೆ, ಯಂತ್ರದಲ್ಲಿ ಏನನ್ನೂ ಅಳವಡಿಸದೆ ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು. ಮಿಂಟ್‌ನ ಅಧಿಕೃತ ತಾಣದಿಂದ ಕಡತವನ್ನು ಇಳಿಸಿಕೊಂಡು, ರೂಫಸ್‌ನಂತಹ ಉಚಿತ ತಂತ್ರಾಂಶದ ಮೂಲಕ 8 ಜಿ.ಬಿ. ಪೆನ್‌ಡ್ರೈವ್‌ಗೆ ಬರೆಯಬೇಕು. ಪೆನ್‌ಡ್ರೈವ್‌ನಲ್ಲಿ ಮೊದಲಿದ್ದುದೆಲ್ಲವೂ ಅಳಿಸಿಹೋಗುತ್ತದೆ. ಯಂತ್ರವನ್ನು ಚಾಲೂ ಮಾಡುವಾಗ ಎಫ್12 ಅಥವಾ ಎಸ್ಕೇಪ್ ಕೀಲಿಯನ್ನು (ತಯಾರಕರಿಗೆ ತಕ್ಕಂತೆ ಬೇರೆಯಿರಬಹುದು) ಒತ್ತಿ ಪೆನ್‌ಡ್ರೈವ್ ಆರಿಸಿದರೆ ಲಿನಕ್ಸ್ ತೆರೆದುಕೊಳ್ಳುತ್ತದೆ. ಪರೀಕ್ಷೆ ಮುಗಿಸಿ ಯಂತ್ರವನ್ನು ಆರಿಸಿ, ಪೆನ್‌ಡ್ರೈವ್ ತೆಗೆದರೆ ಮತ್ತೆ ಹಳೆಯ ವಿಂಡೋಸ್. ಅಪಾಯವಿರುವುದು ಪರದೆಯ ಮೇಲಿನ ‘ಇನ್‌ಸ್ಟಾಲ್’ ಚಿಹ್ನೆಯಲ್ಲಿ. ಅದನ್ನು ಒತ್ತಿ ಡಿಸ್ಕ್ ಅಳಿಸುವ ಆಯ್ಕೆಗೆ ಒಪ್ಪಿದರೆ ಲೆಕ್ಕಪತ್ರಗಳೆಲ್ಲವೂ ಹೋದಂತೆ. ಟ್ಯಾಲಿಯ ದತ್ತಾಂಶವನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಕಳಚಿಟ್ಟ ನಂತರವೇ ಪ್ರಯೋಗಕ್ಕೆ ಕೈಹಾಕಬೇಕು.

ಪರೀಕ್ಷೆಯಲ್ಲಿ ಮೊದಲು ನೋಡಬೇಕಾದುದು ಮುದ್ರಕ. ಬಿಲ್ಲು ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಮುದ್ರಕಗಳು ಎಪ್ಸನ್ ಮಾದರಿಯನ್ನು ಅನುಸರಿಸುವುದರಿಂದ ಸಾಮಾನ್ಯವಾಗಿ ನಡೆಯುತ್ತವೆ. ತಯಾರಕರ ಸ್ವಂತ ಚಾಲಕ ತಂತ್ರಾಂಶವನ್ನೇ ನೆಚ್ಚಿಕೊಂಡ ಕೆಲವು ಹಳೆಯ ಲೇಸರ್ ಮುದ್ರಕಗಳು ತಲೆನೋವು ತರುತ್ತವೆ. ಜಿ.ಎಸ್.ಟಿ. ತಾಣ, ಇ-ವೇ ಬಿಲ್, ಬ್ಯಾಂಕ್ ವ್ಯವಹಾರ ಮುಂತಾದ ಬ್ರೌಸರಿನ ಕೆಲಸಗಳಿಗೆ ತೊಡಕಿಲ್ಲ. ಡಿಜಿಟಲ್ ಸಹಿಯ ಟೋಕನ್ ಬಳಸುವವರು ಅದರ ಲಿನಕ್ಸ್ ಚಾಲಕವನ್ನು ಅಳವಡಿಸಿ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ವೇಬ್ರಿಡ್ಜ್‌ಗೆ ಜೋಡಿಸಿದ ಯಂತ್ರವನ್ನಂತೂ ಮುಟ್ಟದಿರುವುದೇ ಲೇಸು. ಅದರ ತಂತ್ರಾಂಶ ಸಾಮಾನ್ಯವಾಗಿ ವಿಂಡೋಸ್‌ಗಾಗಿಯೇ ಬರೆದದ್ದು.

ಕನ್ನಡದ ವಿಷಯದಲ್ಲಿ ನಿರಾಶೆಯಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನುಡಿ ಬಳಸುವವರಿಗೆ ಚಿರಪರಿಚಿತವಾದ ಕಗಪ ಕೀಲಿಮಣೆಯು ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲಿಯೇ ಇದೆ. ತೊಡಕಿರುವುದು ಹಳೆಯ ಪತ್ರಗಳಲ್ಲಿ. ನುಡಿಯ ಹಳೆಯ ಆಸ್ಕಿ ಫಾಂಟುಗಳಲ್ಲಿ ಬೆರಳಚ್ಚಾದ ಬಾಕಿ ಪಟ್ಟಿ, ಕರಾರುಪತ್ರಗಳು ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಕಡತ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. ಫಾಂಟನ್ನು ಅಳವಡಿಸಿದರೆ ಓದಬಹುದು; ಯೂನಿಕೋಡ್‌ಗೆ ಪರಿವರ್ತಿಸಿಕೊಂಡರೆ ಹೆಸರು ಹಾಕಿ ಹುಡುಕಲೂ ಬಹುದು.

ಇನ್ನು ಟ್ಯಾಲಿ. ಟ್ಯಾಲಿಪ್ರೈಮ್ ವಿಂಡೋಸ್‌ಗಾಗಿ ರೂಪಿಸಿದ ತಂತ್ರಾಂಶ. ವೈನ್ ಎಂಬ ಉಪಾಯದಿಂದ ಲಿನಕ್ಸ್‌ನಲ್ಲಿ ನಡೆಸುವ ಪ್ರಯತ್ನಗಳುಂಟು, ಆದರೆ ವರ್ಷದ ಲೆಕ್ಕವನ್ನು ಅದರ ಮೇಲೆ ಹೂಡುವುದು ವಿವೇಕವಲ್ಲ. ಜಿ.ಎಸ್.ಟಿ. ಮತ್ತು ಆದಾಯ ತೆರಿಗೆಯ ಮ್ಯಾಕ್ರೋ ಸಹಿತ ಎಕ್ಸೆಲ್ ನಮೂನೆಗಳೂ ಲಿಬ್ರೆ ಆಫೀಸ್‌ನಲ್ಲಿ ಸರಿಯಾಗಿ ನಡೆಯುವ ಭರವಸೆಯಿಲ್ಲ. ಉಚಿತವೆಂದು ಬೇರೊಂದು ಲೆಕ್ಕಪತ್ರ ತಂತ್ರಾಂಶಕ್ಕೆ ಹೊರಳುವ ಕಂಪನಿಗಳು ಒಂದನ್ನು ಗಮನಿಸಬೇಕು: 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕಪತ್ರ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯ ಜಾಡನ್ನು ದಾಖಲಿಸುವಂತಿರಬೇಕು, ಆ ಸೌಲಭ್ಯವನ್ನು ನಿಷ್ಕ್ರಿಯಗೊಳಿಸಲು ಅವಕಾಶವಿರಬಾರದು.

ಆದ್ದರಿಂದ ಮೂರು ಯಂತ್ರಗಳಿರುವ ಮಂಡಿಗೆ ಸೂಕ್ತವಾದುದು ಮಿಶ್ರ ವ್ಯವಸ್ಥೆ. ಟ್ಯಾಲಿಗೂ ತೆರಿಗೆಯ ನಮೂನೆಗಳಿಗೂ ಒಂದು ವಿಂಡೋಸ್ 11 ಯಂತ್ರ. ಪತ್ರವ್ಯವಹಾರ, ಇ-ವೇ ಬಿಲ್, ಮಿಂಚಂಚೆಗೆ ಉಳಿದ ಎರಡರಲ್ಲಿ ಲಿನಕ್ಸ್. ಊರಿನಲ್ಲಿ ಅಥವಾ ಹತ್ತಿರದ ಚಿಕ್ಕಮಗಳೂರು, ಶಿವಮೊಗ್ಗದಲ್ಲಿ ಲಿನಕ್ಸ್ ಬಲ್ಲ ತಂತ್ರಜ್ಞನೊಬ್ಬ ದೊರೆಯದಿದ್ದರೆ ಈ ಉಳಿತಾಯದ ಲೆಕ್ಕ ತಲೆಕೆಳಗಾಗುತ್ತದೆ ಎಂಬುದೂ ನಿಜ. ಪ್ರಯೋಗಕ್ಕೆ ಸಮಯವನ್ನೂ ನೋಡಿಕೊಳ್ಳಬೇಕು. ಮಾಸಿಕ ವಿವರಪಟ್ಟಿ ಸಲ್ಲಿಸುವವರಿಗೆ 11 ಮತ್ತು 20ನೇ ತಾರೀಖುಗಳ ಆಸುಪಾಸು ಬೇಡ, ಮಾರ್ಚ್ ತಿಂಗಳಂತೂ ಬೇಡವೇ ಬೇಡ. ಇಪ್ಪತ್ತೈದರ ನಂತರದ ಒಂದು ಭಾನುವಾರ, ಮಂಡಿಗೆ ಮಾಲು ಬಾರದ ದಿನ, ಇದಕ್ಕೆ ಸಾಕು.