ಮಳೆಗಾಲದಲ್ಲಿ ಏಳದ ಲ್ಯಾಪ್‌ಟಾಪ್

"ಹ್ವಾಯ್, ಲ್ಯಾಪ್‌ಟಾಪ್ ಆನ್ ಆತಿಲ್ಲೆ!" ಮಳೆಗಾಲದಲ್ಲಿ ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ನಮಗೆಲ್ಲ ಇದು ಹೊಸ ಮಾತಲ್ಲ. ನಾಲ್ಕೈದು ಸಲ ಬಟನ್ ಒತ್ತಿದರೆ ಹೇಗೋ ಏಳುತ್ತೆ, ಮರುದಿನ ಮತ್ತೆ ಅದೇ ಕಥೆ. ಮದರ್‌ಬೋರ್ಡೇ ಹೋಯ್ತು ಅಂತ ನಾವು ಹೆದರುತ್ತೇವೆ. ಎಷ್ಟೋ ಸಲ ಅದು ಹೋಗಿರುವುದೇ ಇಲ್ಲ.

ಮೊದಲು ಬೇರೆ ಪ್ಲಗ್, ಸಾಧ್ಯವಾದರೆ ಅದೇ ವೋಲ್ಟೇಜಿನ ಬೇರೆ ಚಾರ್ಜರ್ ಹಾಕಿ ನೋಡಿ. ಆಗಲಿಲ್ಲವೇ? ಚಾರ್ಜರ್ ತೆಗೆದು ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ಚಾರ್ಜ್ ಖಾಲಿಯಾದ ಮೇಲೆ ಕೆಲವು ಎದ್ದು ಕೂರುತ್ತವೆ.

ಫ್ಯಾನ್ ತಿರುಗಿಯೂ ಪರದೆ ಕಪ್ಪಾಗಿದ್ದರೆ ಟಾರ್ಚ್ ಹಿಡಿದು ನೋಡಿ. ಮಸುಕಾಗಿ ಚಿತ್ರ ಕಂಡರೆ ಬ್ಯಾಕ್‌ಲೈಟಿನ ತೊಂದರೆ. ಏನೂ ಕಾಣದಿದ್ದರೆ ನಮ್ಮ ಅನುಮಾನ ರ‍್ಯಾಮ್ ಮೇಲೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಮನೆ ಚಿಲಕಕ್ಕೆ ತುಕ್ಕು ಹಿಡಿಸುವ ಆ ಉಪ್ಪುಗಾಳಿ ಲ್ಯಾಪ್‌ಟಾಪನ್ನು ಬಿಡುತ್ತದೆಯೇ ಮಾರಾಯ್ರೆ? ರ‍್ಯಾಮಿನ ಕಾಂಟ್ಯಾಕ್ಟ್ ಮೇಲೆ ತೆಳು ಪದರ ಕೂತರೆ ಸಂಪರ್ಕ ತಪ್ಪುತ್ತದೆ. ವಾರಂಟಿ ಮುಗಿದಿದ್ದರೆ ಬ್ಯಾಟರಿ ಕನೆಕ್ಟರ್ ಬಿಡಿಸಿ, ರ‍್ಯಾಮ್ ತೆಗೆದು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಒಣಗಿಸಿ ಮತ್ತೆ ಕೂರಿಸಿ. ಬ್ಯಾಗ್ ನೆನೆದು ನೀರು ಒಳಗೆ ಹೋಗಿದ್ದರೆ ಮಾತ್ರ ಬಟನ್ ಮುಟ್ಟಲೇಬೇಡಿ, ಅಕ್ಕಿ ಡಬ್ಬಿಯೂ ಬೇಡ, ಸೀದಾ ಅಂಗಡಿಗೆ ಒಯ್ಯಿರಿ.

ಎದ್ದ ಕೂಡಲೇ ಪ್ರಾಜೆಕ್ಟ್ ಫೋಲ್ಡರ್ ಕಾಪಿ ಮಾಡಿಕೊಳ್ಳಿ. ನಮ್ಮಲ್ಲೊಬ್ಬ ಖುಷಿಯಲ್ಲಿ ರೀಸ್ಟಾರ್ಟ್ ಒತ್ತಿದ. ಮತ್ತೆ ಏಳಲಿಲ್ಲ. ವೈವಾಕ್ಕೆ ಎರಡೇ ದಿನ. ಕೊನೆಗೆ ಎಸ್‌ಎಸ್‌ಡಿ ಕಳಚಿ ಯುಎಸ್‌ಬಿ ಕೇಸಿಗೆ ಹಾಕಿದಾಗ ರಿಪೋರ್ಟ್ ಸಿಕ್ಕಿತು. ಲ್ಯಾಪ್‌ಟಾಪ್ ಇನ್ನೂ ಮಲಗಿದೆ.