ದೊಡ್ಡ ದೋಣಿಯೆಲ್ಲ ಗಟ್ಟಿ ದೋಣಿಯಲ್ಲ: ಹಾಯಿದೋಣಿ ಆಯ್ಕೆಯ ತಪ್ಪು ಕಲ್ಪನೆ ಮತ್ತು ಸತ್ಯ

ವೀರನಹೊಸಹಳ್ಳಿಯ ಸುತ್ತಮುತ್ತಲಿನವರಿಗೆ ನೀರೆಂದರೆ ಕೆರೆ, ಲಕ್ಷ್ಮಣತೀರ್ಥ, ಎಚ್.ಡಿ. ಕೋಟೆ ಕಡೆಗೆ ಹೋದರೆ ಕಬಿನಿ ಹಿನ್ನೀರು. ದೋಣಿಯೆಂದರೆ ಹರಿಗೋಲು, ತೆಪ್ಪ. ಸಮುದ್ರ ನೋಡಬೇಕಾದರೆ ಕೊಡಗು ದಾಟಿ ಘಟ್ಟ ಇಳಿಯಬೇಕು. ಆದರೂ ಹಾಯಿದೋಣಿಯಲ್ಲಿ ಭೂಮಿ ಸುತ್ತಿದವರ ಸುದ್ದಿ ಬಂದರೆ ಇಲ್ಲಿಯೂ ಮಾತು ಹುಟ್ಟುತ್ತದೆ. ನೌಕಾಪಡೆಯ ಅಧಿಕಾರಿಗಳಾದ ದಿಲ್ನಾ ಕೆ. ಮತ್ತು ರೂಪಾ ಎ. 2024ರ ಅಕ್ಟೋಬರ್ 2ರಂದು ‘ತಾರಿಣಿ’ಯಲ್ಲಿ ಗೋವಾದಿಂದ ಹೊರಟು, ಇಬ್ಬರೇ ಜಗತ್ತು ಸುತ್ತಿ 2025ರ ಮೇ 29ಕ್ಕೆ ಮರಳಿದರು. ಅಂಥ ಯಾನದ ಕನಸು ಕಾಣುವ ಮನೆಮಂದಿ ಸಾಮಾನ್ಯವಾಗಿ ಹುಡುಕುವುದು 32ರಿಂದ 45 ಅಡಿ ಉದ್ದದ ಮಧ್ಯಮ ದೋಣಿಯನ್ನು. ಅದರ ಬಗ್ಗೆ ಹಬ್ಬಿರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ನಂಬಿಕೆ: ದೋಣಿ ದೊಡ್ಡದಿದ್ದಷ್ಟೂ ಕ್ಷೇಮ.

ಸತ್ಯ: ಒಬ್ಬಂಟಿಯಾಗಿ, ಎಲ್ಲೂ ನಿಲ್ಲದೆ ಭೂಮಿಯನ್ನು ಮೊದಲು ಸುತ್ತಿದವರು ಬ್ರಿಟನ್ನಿನ ರಾಬಿನ್ ನಾಕ್ಸ್-ಜಾನ್ಸ್ಟನ್. 1968–69ರಲ್ಲಿ 312 ದಿನ ಅವರನ್ನು ಹೊತ್ತ ‘ಸುಹೈಲಿ’ಯ ಉದ್ದ ಬರೀ 32 ಅಡಿ. ಅದನ್ನು ಕಟ್ಟಿದ್ದು ಮುಂಬೈಯಲ್ಲಿ, ತೇಗದ ಮರದಲ್ಲಿ. ಹಾಯಿ ಕಟ್ಟಿ ಜಗತ್ತು ಸುತ್ತಿದ ಮೊದಲ ಭಾರತೀಯ ತಂಡ ಸೇನೆಯ ಎಂಜಿನಿಯರುಗಳದು. 1985ರಿಂದ 1987ರವರೆಗೆ ಅವರು ಸಾಗಿದ ‘ತೃಷ್ಣಾ’ 37 ಅಡಿಯದು.

ಉದ್ದ ಎರಡರಷ್ಟಾದರೆ ದೋಣಿಯ ತೂಕ ಹೆಚ್ಚುಕಡಿಮೆ ಎಂಟರಷ್ಟಾಗುತ್ತದೆ. ಹಾಯಿಯ ಎಳೆತ, ಲಂಗರಿನ ಭಾರ, ಬಂದರಿನ ಬಾಡಿಗೆ ಎಲ್ಲವೂ ಜೊತೆಗೇ ಏರುತ್ತವೆ. ದೊಡ್ಡ ದೋಣಿಗೆ ಅನುಕೂಲ ಇಲ್ಲವೆಂದಲ್ಲ: ಅಲೆಯಲ್ಲಿ ಕುಲುಕಾಟ ಕಡಿಮೆ, ನೀರು–ದಿನಸಿಗೆ ಜಾಗ ಹೆಚ್ಚು. ಆದರೆ ನಡುರಾತ್ರಿ ಗಾಳಿ ಎದ್ದಾಗ ನಿದ್ದೆಗಣ್ಣಿನಲ್ಲಿ ಒಬ್ಬರೇ ಹೋಗಿ ಹಾಯಿ ಇಳಿಸಬಲ್ಲರೇ ಎಂಬುದು ಮೊದಲ ಪ್ರಶ್ನೆಯಾಗಬೇಕು. ತಾರಿಣಿ 56 ಅಡಿಯ ದೋಣಿ, ನಿಜ. ಅದನ್ನು ಇಬ್ಬರೇ ನಡೆಸಿದ್ದರ ಹಿಂದೆ ಮೂರು ವರ್ಷದ ತಯಾರಿ ಇತ್ತು, ನೌಕಾಪಡೆಯ ಬೆಂಬಲ ಇತ್ತು.

ನಂಬಿಕೆ: ದೊಡ್ಡ ಅಲೆ ಬಂದರೆ ಮಗುಚಿ ಮುಳುಗುತ್ತದೆ, ಎರಡು ಒಡಲಿನ ದೋಣಿಯಾದರೆ ಆ ಭಯವೇ ಇಲ್ಲ.

ಸತ್ಯ: ಹರಿಗೋಲಿಗೆ ಅಡಿಭಾರವಿಲ್ಲ. ಸಾಗರದ ಹಾಯಿದೋಣಿಗೆ ಹೊಟ್ಟೆಯ ಕೆಳಗೆ ಸೀಸದ ಅಥವಾ ಬೀಡುಕಬ್ಬಿಣದ ಕೀಲ್ ಇರುತ್ತದೆ. ಎಷ್ಟೋ ದೋಣಿಗಳಲ್ಲಿ ಒಟ್ಟು ತೂಕದ ಮೂರನೇ ಒಂದು ಭಾಗ ಇದೇ. ಅಲೆ ದೋಣಿಯನ್ನು ಮಲಗಿಸಿದರೂ ಈ ಭಾರ ಅದನ್ನು ಮತ್ತೆ ಎಬ್ಬಿಸುತ್ತದೆ. ಎಷ್ಟು ಡಿಗ್ರಿ ವಾಲುವವರೆಗೆ ತಾನಾಗಿ ಏಳಬಲ್ಲದು ಎಂಬ ಲೆಕ್ಕ ಪ್ರತಿ ಮಾದರಿಗೂ ಇರುತ್ತದೆ. ಸುಮಾರು 120 ಡಿಗ್ರಿ ಅಥವಾ ಹೆಚ್ಚು ಇದ್ದರೆ ಸಾಗರಕ್ಕೆ ಒಳ್ಳೆಯದು ಎಂಬುದು ಬಲ್ಲವರ ಮಾತು.

ಎರಡು ಒಡಲಿನ ಕ್ಯಾಟಮರಾನ್ ಸುಲಭವಾಗಿ ವಾಲುವುದಿಲ್ಲ, ಒಳಗೆ ಮನೆಯಷ್ಟು ಜಾಗ. ಆದರೆ ಒಮ್ಮೆ ಮಗುಚಿದರೆ ಮಗುಚಿದ್ದೇ. ಸಾಮಾನು ಅತಿಯಾಗಿ ಹೇರಿದರೆ ಅದರ ಓಟವೂ ಕುಸಿಯುತ್ತದೆ.

ತಾನಾಗಿ ಏಳುವ ದೋಣಿಯಲ್ಲೂ ಅಪಾಯವಿದೆ. 2018ರ ಸೆಪ್ಟೆಂಬರಿನಲ್ಲಿ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ನೌಕಾಪಡೆಯ ಅಧಿಕಾರಿ ಅಭಿಲಾಷ್ ಟೋಮಿ ಅವರ ‘ತುರಿಯಾ’ ಬಿರುಗಾಳಿಗೆ ಸಿಕ್ಕಿ ಉರುಳಿತು. ಸುಹೈಲಿಯ ಮಾದರಿಯಲ್ಲೇ ಕಟ್ಟಿದ ಆ ದೋಣಿ ಎದ್ದು ತೇಲಿತು. ಹಾಯಿಕಂಬ ಮುರಿಯಿತು, ಟೋಮಿ ಅವರ ಬೆನ್ನುಮೂಳೆಗೆ ಪೆಟ್ಟಾಯಿತು. ಫ್ರಾನ್ಸಿನ ಹಡಗೊಂದು ಬಂದು ಅವರನ್ನು ಉಳಿಸಿತು. ದೋಣಿ ಕೊಳ್ಳುವಾಗ ಒಳಗಿನ ಹಿಡಿಕೆಗಳು ಎಲ್ಲಿವೆ, ಮೂಲೆಗಳು ಚೂಪಾಗಿವೆಯೇ, ಮಲಗುವ ಜಾಗಕ್ಕೆ ಅಡ್ಡಪಟ್ಟಿ ಇದೆಯೇ ಎಂದು ನೋಡುವುದು ಅದಕ್ಕೇ.

ನಂಬಿಕೆ: ಗಾಳಿ ಬೀಸಿದ ಕಡೆಗಷ್ಟೇ ಹೋಗಬಹುದು, ದೊಡ್ಡ ಎಂಜಿನ್ ಇರಲೇಬೇಕು.

ಸತ್ಯ: ಗಾಳಿಗೆ ನೇರ ಎದುರಾಗಿ ಯಾವ ಹಾಯಿಯೂ ಸಾಗದು. ಸುಮಾರು 45 ಡಿಗ್ರಿ ಓರೆಯಾಗಿ ಸಾಗಬಲ್ಲದು. ಹಾಯಿ ಪಕ್ಕಕ್ಕೆ ತಳ್ಳುವ ಬಲವನ್ನು ನೀರಿನೊಳಗಿನ ಕೀಲ್ ತಡೆಯುವುದರಿಂದ ದೋಣಿ ಮುಂದಕ್ಕೆ ಜಾರುತ್ತದೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸುತ್ತ ಹೋದರೆ ಗಾಳಿ ಬರುವ ದಿಕ್ಕಿನ ಊರನ್ನೂ ತಲುಪಬಹುದು. ದಾರಿ ಉದ್ದವಾಗುತ್ತದೆ, ಅಷ್ಟೆ.

ಭಾರದ ಒಡಲಿನ ದೋಣಿಯ ವೇಗಕ್ಕೆ ನೀರೇ ಮಿತಿ ಹಾಕುತ್ತದೆ. ನೀರಿಗೆ ತಾಗುವ ಉದ್ದ 30 ಅಡಿಯಾದರೆ ಸುಮಾರು 7.3 ನಾಟ್, ಅಂದರೆ ಗಂಟೆಗೆ 13.5 ಕಿ.ಮೀ. ಎಂಜಿನ್ ದೊಡ್ಡದು ಹಾಕಿದರೂ ಅದರಾಚೆಗೆ ಡೀಸೆಲ್ ಸುಡುವುದೇ ಹೆಚ್ಚು. ದಿನಕ್ಕೆ 100ರಿಂದ 150 ನಾಟಿಕಲ್ ಮೈಲಿ ಸಾಗಿದರೆ ಒಳ್ಳೆಯ ಓಟ.

ನಂಬಿಕೆ: ಡೆಕ್ಕಿಗೆ ತೇಗ ಹಾಸಿದ್ದರೆ ಕಣ್ಣುಮುಚ್ಚಿ ಕೊಳ್ಳಬಹುದು.

ಸತ್ಯ: ನಾಗರಹೊಳೆಯ ತೇಗದ ನೆಡುತೋಪು ನೋಡಿ ಬೆಳೆದವರಿಗೆ ತೇಗದ ಬೆಲೆ ಹೇಳಿಕೊಡಬೇಕಿಲ್ಲ. ಮರದೊಳಗಿನ ಎಣ್ಣೆಯಿಂದಾಗಿ ಅದು ನೀರಿಗೆ ಬೇಗ ಕೊಳೆಯದು. ಆದರೆ ಹಳೆಯ ಫೈಬರ್‌ಗ್ಲಾಸ್ ದೋಣಿಗಳಲ್ಲಿ ತೇಗದ ಪಟ್ಟಿಗಳನ್ನು ನೂರಾರು ಸ್ಕ್ರೂ ಹೊಡೆದು ಕೂರಿಸಿರುತ್ತಾರೆ. ಪಟ್ಟಿ ಸವೆದು ಸ್ಕ್ರೂ ತಲೆ ಹೊರಗೆ ಬಂದರೆ ಅಲ್ಲಿಂದ ನೀರು ಇಳಿಯುತ್ತದೆ. ಡೆಕ್ಕಿನ ಎರಡು ಪದರಗಳ ನಡುವೆ ಇಟ್ಟ ಹಗುರ ಮರ ಒದ್ದೆಯಾಗಿ ಕೊಳೆಯುತ್ತದೆ. ಮೇಲೆ ಹೊಳಪು, ಒಳಗೆ ಗೊಜ್ಜು.

ಪರೀಕ್ಷೆ ಸರಳ. ಹಲಸಿನಹಣ್ಣು ಬಡಿದು ನೋಡುವಂತೆ ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆಯಿಂದ ಡೆಕ್ಕನ್ನು ಗೇಣು ಗೇಣಿಗೆ ತಟ್ಟುತ್ತ ಹೋಗಬೇಕು. ‘ಟಣ್’ ಎಂದರೆ ಗಟ್ಟಿ, ‘ದಪ್’ ಎಂದರೆ ಒಳಗೆ ಬಿಟ್ಟುಕೊಂಡಿದೆ. ಒಂದು ಸ್ಕ್ರೂ ಬಿಚ್ಚಿದಾಗ ಕಂದು ನೀರು ಜಿನುಗಿದರೆ ದುರಸ್ತಿಯ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಬೇಕು.

ನಂಬಿಕೆ: ದೋಣಿಯ ಬೆಲೆ ಕೊಟ್ಟರೆ ಮುಗಿಯಿತು.

ಸತ್ಯ: ಹಳೆಯ ದೋಣಿ ಅಗ್ಗಕ್ಕೆ ಸಿಗುತ್ತದೆ, ಖರ್ಚು ಶುರುವಾಗುವುದು ಆಮೇಲೆ. ಹಾಯಿಕಂಬವನ್ನು ಬಿಗಿದು ನಿಲ್ಲಿಸುವ ಸ್ಟೀಲ್ ತಂತಿಗಳನ್ನು ಹತ್ತು–ಹದಿನೈದು ವರ್ಷಕ್ಕೊಮ್ಮೆ ಬದಲಿಸಬೇಕು. ಆ ತಂತಿಗಳನ್ನು ಒಡಲಿಗೆ ಕಚ್ಚಿಸುವ ಪಟ್ಟಿ, ಕೀಲ್‌ನ ಬೋಲ್ಟು, ನೀರಿನ ಮಟ್ಟದ ಕೆಳಗಿನ ವಾಲ್ವು ಮತ್ತು ಅದಕ್ಕೆ ಸಿಕ್ಕಿಸಿದ ರಬ್ಬರ್ ಪೈಪು: ಇವು ಕಣ್ಣಿಗೆ ಬೀಳದ ಜಾಗದಲ್ಲಿ ಇರುತ್ತವೆ. ಬೆರಳುಗಾತ್ರದ ಒಂದು ಪೈಪು ಹರಿದರೂ ದೋಣಿ ತುಂಬಿ ಮುಳುಗಬಹುದು.

ಚುಕ್ಕಾಣಿಯೂ ಅಷ್ಟೇ ಮುಖ್ಯ. 2017–18ರಲ್ಲಿ ಆರು ಮಹಿಳಾ ಅಧಿಕಾರಿಗಳನ್ನು ಹೊತ್ತು 254 ದಿನದಲ್ಲಿ ಜಗತ್ತು ಸುತ್ತಿದ ಇದೇ ತಾರಿಣಿ, ಕೊನೆಯ ಹಂತದಲ್ಲಿ ಚುಕ್ಕಾಣಿ ವ್ಯವಸ್ಥೆ ಕೆಟ್ಟು ಮಾರಿಷಸ್‌ನಲ್ಲಿ ನಿಲ್ಲಬೇಕಾಯಿತು. ಚಕ್ರ ಕೈಕೊಟ್ಟರೆ ನೇರವಾಗಿ ಚುಕ್ಕಾಣಿಗೆ ಸಿಕ್ಕಿಸುವ ತುರ್ತು ಹಿಡಿ ಇದೆಯೇ, ಅದು ನಿಜವಾಗಿ ಕೂರುತ್ತದೆಯೇ ಎಂದು ಕೊಳ್ಳುವ ದಿನವೇ ಹಾಕಿ ನೋಡಬೇಕು.

ನಂಬಿಕೆ: ದೋಣಿ ಗಟ್ಟಿಯಿದ್ದರೆ ಯಾವ ಕಾಲಕ್ಕೂ ಹೊರಡಬಹುದು.

ಸತ್ಯ: ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಯೇ ಬಂದ್. ಮೀನಿನ ಸಂತಾನ ಉಳಿಸುವುದು ಅದರ ಉದ್ದೇಶವಾದರೂ, ಆ ತಿಂಗಳುಗಳಲ್ಲಿ ಅರಬ್ಬಿ ಸಮುದ್ರ ಹೇಗಿರುತ್ತದೆಂದು ಕಾರವಾರ, ಮಲ್ಪೆಯ ಯಾವ ಮೀನುಗಾರರನ್ನು ಕೇಳಿದರೂ ಹೇಳುತ್ತಾರೆ. ನವೆಂಬರಿನಿಂದ ಫೆಬ್ರವರಿಯವರೆಗೆ ಈಶಾನ್ಯದ ಗಾಳಿ ಹದವಾಗಿ ಬೀಸುತ್ತದೆ. ಹಿಂದಿನ ಹಾಯಿಹಡಗುಗಳು ಇದೇ ಗಾಳಿ ಹಿಡಿದು ಆಫ್ರಿಕಾ ಕಡೆಗೆ ಸಾಗುತ್ತಿದ್ದವು.

ಹಾಗಾಗಿ ದುಡ್ಡು ಕೈಯಲ್ಲಿದ್ದರೆ ಹಂಚುವ ಕ್ರಮ ಇದು: ಮೊದಲು ಒಡಲು ಮತ್ತು ಕೀಲ್, ಆಮೇಲೆ ಹಾಯಿಕಂಬ ಮತ್ತು ಚುಕ್ಕಾಣಿ, ಆಮೇಲೆ ನೀರಿನ ಟ್ಯಾಂಕು. ಒಬ್ಬರಿಗೆ ದಿನಕ್ಕೆ 4 ಲೀಟರಿನಂತೆ ಲೆಕ್ಕ ಹಾಕಿದರೂ ಇಬ್ಬರ ಮೂವತ್ತು ದಿನದ ಯಾನಕ್ಕೆ 240 ಲೀಟರ್ ಬೇಕು. ಫ್ರಿಜ್ಜು, ಸೋಫಾ, ಟಿ.ವಿ. ಎಲ್ಲ ಕೊನೆಗೆ. ಇಬ್ಬರು ಹೋಗುವುದಾದರೆ, ಒಬ್ಬರು ಜ್ವರ ಬಂದು ಮಲಗಿದಾಗ ಇನ್ನೊಬ್ಬರ ಎರಡೇ ಕೈಗೆ ಬಗ್ಗುವಷ್ಟು ದೋಣಿಯನ್ನು ಕೊಳ್ಳಿ. ಒಂದಡಿಯೂ ಹೆಚ್ಚು ಬೇಡ.