ಡಯಾಲಿಸಿಸ್ ಸೂಜಿಯ ನೋವಿಗೆ ಉಸಿರಿನ ನೆರವು

ಮೂತ್ರಪಿಂಡದ ಕಾಯಿಲೆಯವರ ಕಷ್ಟದ ಮಾತು ಬಂದಾಗ ನಾವು ಖರ್ಚಿನ ಬಗ್ಗೆ ಮಾತನಾಡುತ್ತೇವೆ, ಪಥ್ಯದ ಬಗ್ಗೆ, ಕುಡಿಯುವ ನೀರಿನ ಲೆಕ್ಕದ ಬಗ್ಗೆ ಮಾತನಾಡುತ್ತೇವೆ. ಸೂಜಿಯ ಬಗ್ಗೆ ಮಾತನಾಡುವವರು ಕಡಿಮೆ. ಆದರೆ ಡಯಾಲಿಸಿಸ್ ಮಾಡಿಸಿಕೊಳ್ಳುವವರನ್ನೇ ಕೇಳಿ ನೋಡಿ. ನಾಲ್ಕು ಗಂಟೆ ಮಲಗುವುದು ಹೇಗೋ ಆಗುತ್ತದೆ, ಮೊದಲಿನ ಆ ಎರಡು ನಿಮಿಷವೇ ಕಷ್ಟ ಎನ್ನುವವರು ಅವರಲ್ಲಿ ಇದ್ದೇ ಇರುತ್ತಾರೆ.

ಕಪಿಲೆಯ ದಡದ ನಂಜನಗೂಡು, ಕಪಿಲೆ ಕಾವೇರಿಯನ್ನು ಸೇರುವ ಟಿ. ನರಸೀಪುರ – ಮೈಸೂರು ಜಿಲ್ಲೆಯ ಈ ಎರಡು ಊರುಗಳನ್ನು ಕರಾವಳಿಯ ನಾವು ಜಾತ್ರೆ ಮತ್ತು ಸಂಗಮದ ಹೆಸರಿನಿಂದ ಬಲ್ಲೆವು. ಇಂದು ಈ ಎರಡೂ ಊರುಗಳ ತಾಲೂಕು ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ನಡೆಯುತ್ತದೆ. 2016-17ರ ಕೇಂದ್ರ ಬಜೆಟ್‌ನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾಯಿತು. ನಮ್ಮ ರಾಜ್ಯದಲ್ಲಿ ಈ ಸೇವೆ ಜಿಲ್ಲಾ ಆಸ್ಪತ್ರೆಗೆ ನಿಲ್ಲದೆ ತಾಲೂಕಿನವರೆಗೂ ಬಂದಿದೆ. ಹಳ್ಳಿಯಿಂದ ಹೊರಟ ಬಡವರು ಪ್ರತಿ ಸಲವೂ ಮೈಸೂರಿನವರೆಗೆ ಬಸ್ಸು ಹತ್ತಬೇಕಾಗಿಲ್ಲ ಎಂಬುದು ಸಣ್ಣ ಉಪಕಾರವಲ್ಲ. (ನಂಜನಗೂಡಿನವರಿಗೆ ಇನ್ನೊಂದು ಸಂಕಟವೂ ಇದೆ. ಊರಿಗೇ ಹೆಸರು ತಂದ ರಸಬಾಳೆಯನ್ನು ಡಯಾಲಿಸಿಸ್ ರೋಗಿ ಮನಸ್ಸು ಬಂದಂತೆ ತಿನ್ನುವ ಹಾಗಿಲ್ಲ, ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ ಹೆಚ್ಚು. ನಮ್ಮಲ್ಲಿ ಎಳನೀರಿನ ಕಥೆಯೂ ಇದೇ.) ಆಸ್ಪತ್ರೆ ಹತ್ತಿರ ಬಂತು, ಬಿಲ್ಲಿನ ಭಾರ ಇಳಿಯಿತು. ಸೂಜಿ ಮಾತ್ರ ಹಾಗೆಯೇ ಉಳಿಯಿತು.

ಈ ಸೂಜಿ ನಾವು ಜ್ವರಕ್ಕೆ ಚುಚ್ಚಿಸಿಕೊಳ್ಳುವ ಸೂಜಿಯಲ್ಲ. ಸಾಮಾನ್ಯ ಇಂಜೆಕ್ಷನ್ ಸೂಜಿಯ ದಪ್ಪ ಸುಮಾರು 0.6 ಮಿಲಿಮೀಟರ್. ಡಯಾಲಿಸಿಸ್‌ನಲ್ಲಿ ಹೆಚ್ಚಾಗಿ ಬಳಸುವ 16 ಗೇಜ್ ಸೂಜಿ ಸುಮಾರು 1.6 ಮಿಲಿಮೀಟರ್. ನಿಮಿಷಕ್ಕೆ 250–300 ಮಿಲಿಲೀಟರ್ ರಕ್ತ ಯಂತ್ರಕ್ಕೆ ಹೋಗಿ ಮರಳಬೇಕಾದುದರಿಂದ ಇದಕ್ಕಿಂತ ತೀರಾ ಸಣ್ಣದು ಸಾಲದು. ಪ್ರತಿ ಸಲ ಎರಡು ಸೂಜಿ: ಒಂದು ರಕ್ತವನ್ನು ಹೊರಗೆ ಒಯ್ಯಲು, ಇನ್ನೊಂದು ಶುದ್ಧವಾದ ರಕ್ತವನ್ನು ಒಳಗೆ ತರಲು. ವಾರಕ್ಕೆ ಎರಡು ಸಲವಾದರೆ ವರ್ಷಕ್ಕೆ 208 ಚುಚ್ಚು, ಮೂರು ಸಲವಾದರೆ 312.

ಚುಚ್ಚುವುದು ಫಿಸ್ಟುಲಾಕ್ಕೆ, ಅಂದರೆ ಕೈಯ ಅಪಧಮನಿ ಮತ್ತು ಅಭಿಧಮನಿಯನ್ನು ಶಸ್ತ್ರಚಿಕಿತ್ಸೆಯಿಂದ ಜೋಡಿಸಿ ದಪ್ಪ ಮಾಡಿದ ರಕ್ತನಾಳಕ್ಕೆ. 1966ರಲ್ಲಿ ನ್ಯೂಯಾರ್ಕಿನ ವೈದ್ಯರಾದ ಬ್ರೆಷಿಯಾ, ಚಿಮಿನೋ ಮತ್ತು ಸಂಗಡಿಗರು ಇದನ್ನು ಲೋಕಕ್ಕೆ ತಿಳಿಸಿದರು. ಇಂದಿಗೂ ಬಹುಪಾಲು ರೋಗಿಗಳಿಗೆ ಕುತ್ತಿಗೆಯ ಕೊಳವೆಗಿಂತ ಸುರಕ್ಷಿತ ದಾರಿ ಇದೇ.

ನೋವನ್ನು ಸಹಿಸಿಕೊಳ್ಳಬೇಕು, ಬೇರೆ ದಾರಿ ಏನಿದೆ ಎಂದು ಕೇಳಬಹುದು. ಸಹಿಸಲಾರದವರು ಏನು ಮಾಡುತ್ತಾರೆ ಎಂಬುದನ್ನು ನೋಡಬೇಕು. ಕೆಲವರು ಫಿಸ್ಟುಲಾವೇ ಬೇಡ ಎಂದು ಕುತ್ತಿಗೆಯ ಕೊಳವೆಯಲ್ಲೇ ದಿನ ತಳ್ಳುತ್ತಾರೆ, ಸೋಂಕಿಗೆ ಬಾಗಿಲು ತೆರೆದಿಡುತ್ತಾರೆ. ಕೆಲವರು "ಅಲ್ಲೇ ಚುಚ್ಚಿ, ಅಲ್ಲಿ ನೋವಾಗಲ್ಲ" ಎಂದು ಒಂದೇ ಜಾಗ ತೋರಿಸುತ್ತಾರೆ. ಮತ್ತೆ ಮತ್ತೆ ಚುಚ್ಚಿದಲ್ಲಿ ಚರ್ಮ ಮರಗಟ್ಟುವುದು ನಿಜ. ಆದರೆ ಅಲ್ಲಿಯೇ ನಾಳದ ಗೋಡೆ ತೆಳುವಾಗಿ ಗಂಟಿನಂತೆ ಉಬ್ಬುತ್ತದೆ, ಒಡೆದರೆ ಪ್ರಾಣಾಪಾಯ. ಇನ್ನು ಕೆಲವರು ಏನಾದರೊಂದು ನೆಪ ಹೇಳಿ ಒಂದು ಸರದಿಯನ್ನೇ ತಪ್ಪಿಸುತ್ತಾರೆ. ತಪ್ಪಿದ ಸರದಿಯ ನೀರು ಶ್ವಾಸಕೋಶದಲ್ಲಿ ತುಂಬುತ್ತದೆ, ಪೊಟ್ಯಾಸಿಯಂ ಏರಿ ಹೃದಯದ ಬಡಿತವನ್ನು ಕೆಡಿಸುತ್ತದೆ. ಆದುದರಿಂದ ಎರಡು ನಿಮಿಷದ ನೋವನ್ನು ಹಗುರಾಗಿ ಕಾಣುವುದು ಸರಿಯಲ್ಲ.

ಇಲ್ಲಿ ಉಸಿರು ಹೇಗೆ ನೆರವಾಗುತ್ತದೆ? ಸೂಜಿ ಕಂಡೊಡನೆ ನಾವೆಲ್ಲ ಮಾಡುವುದು ಒಂದೇ: ಉಸಿರು ಬಿಗಿ ಹಿಡಿಯುವುದು, ಹಲ್ಲು ಕಚ್ಚುವುದು, ಹೆಗಲನ್ನು ಮೇಲಕ್ಕೆ ಎಳೆಯುವುದು. ದೇಹ ಹೊಡೆತಕ್ಕೆ ಸಿದ್ಧವಾಗುತ್ತದೆ, ಎದೆ ಬಡಿತ ಏರುತ್ತದೆ, ಮನಸ್ಸೆಲ್ಲ ಚುಚ್ಚುವ ಜಾಗದಲ್ಲೇ ನಿಲ್ಲುತ್ತದೆ. ಹೆದರಿದ ಮನಸ್ಸಿಗೆ ಅದೇ ನೋವು ದೊಡ್ಡದಾಗಿ ಕಾಣುತ್ತದೆ. ನಿಧಾನವಾಗಿ ಉಸಿರು ಬಿಡುವಾಗ ಇದರ ವಿರುದ್ಧ ನಡೆಯುತ್ತದೆ. ವೇಗಸ್ ಎಂಬ ನರದ ಪ್ರಭಾವ ಹೆಚ್ಚಿ ಹೃದಯದ ಬಡಿತ ಇಳಿಯುತ್ತದೆ, ಸ್ನಾಯುಗಳು ಸಡಿಲವಾಗುತ್ತವೆ, ಉಸಿರನ್ನು ಎಣಿಸುವ ಮನಸ್ಸಿಗೆ ಸೂಜಿಯನ್ನು ಕಾಯಲು ಪುರುಸೊತ್ತು ಇರುವುದಿಲ್ಲ. ಭಾರತ, ಟರ್ಕಿ, ಇರಾನ್ ಮುಂತಾದ ಕಡೆ ಡಯಾಲಿಸಿಸ್ ರೋಗಿಗಳ ನಡುವೆ ನಡೆದ ಸಣ್ಣ ಅಧ್ಯಯನಗಳಲ್ಲಿ, ಉಸಿರಾಟದ ಅಭ್ಯಾಸ ಮಾಡಿದವರು ಸೂಜಿಯ ನೋವಿಗೆ ಕಡಿಮೆ ಅಂಕ ಕೊಟ್ಟಿದ್ದಾರೆ. ನೋವು ಇಲ್ಲವಾಯಿತು ಎಂದಲ್ಲ, ಕಡಿಮೆಯಾಯಿತು ಎಂದು. ತಾನು ಉಸಿರಾಟದ ಅಭ್ಯಾಸ ಮಾಡುತ್ತಿದ್ದೇನೆ ಎಂಬುದು ರೋಗಿಗೆ ಗೊತ್ತೇ ಇರುವುದರಿಂದ ಇಂಥ ಅಂಕಗಳನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಖರ್ಚಿಲ್ಲದ, ಸರಿಯಾಗಿ ಮಾಡಿದರೆ ಹಾನಿಯೂ ಇಲ್ಲದ ಉಪಾಯಕ್ಕೆ ಅಷ್ಟು ಆಧಾರ ಸಾಕು ಎಂಬುದು ನನ್ನ ಅಭಿಪ್ರಾಯ.

ಕ್ರಮ ಬಹಳ ಸರಳ. ಸೂಜಿ ಹಾಕುವುದಕ್ಕೆ ಐದು ನಿಮಿಷ ಮೊದಲೇ ಆರಂಭಿಸಬೇಕು. ಫಿಸ್ಟುಲಾ ಇಲ್ಲದ ಕೈಯನ್ನು ಹೊಟ್ಟೆಯ ಮೇಲೆ ಇಟ್ಟು, ಮೂಗಿನಿಂದ ಮನಸ್ಸಿನಲ್ಲೇ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ತೆಗೆದುಕೊಳ್ಳಬೇಕು. ಎದೆಗಿಂತ ಹೊಟ್ಟೆ ಏಳಬೇಕು. ಬಳಿಕ ಆರು ಎಣಿಸುವಷ್ಟು ಹೊತ್ತು, ಬಿಸಿ ಗಂಜಿಯನ್ನು ಊದುವಂತೆ ತುಟಿ ಸಣ್ಣ ಮಾಡಿ ಬಿಡಬೇಕು. ನಡುವೆ ಉಸಿರು ಕಟ್ಟುವುದು ಬೇಡ. ಸೂಜಿ ಚರ್ಮವನ್ನು ಮುಟ್ಟುವ ಕ್ಷಣ ಉಸಿರು ಹೊರಗೆ ಹೋಗುತ್ತಿರಬೇಕು. ಇದಕ್ಕೆ ಚುಚ್ಚುವವರ ಸಹಕಾರ ಬೇಕು. "ಉಸ್ರು ಬಿಡಿ ಅಣ್ಣಾ, ನಿಧಾನಕ್ಕೆ" ಎಂದು ಟೆಕ್ನಿಷಿಯನ್ ಹೇಳಿ ಆಮೇಲೆ ಚುಚ್ಚಿದರೆ ಅರ್ಧ ಕೆಲಸ ಆದಂತೆ. ಅವರು ಮುಷ್ಟಿ ಬಿಗಿ ಮಾಡಲು ಹೇಳಿದರೆ ಮಾಡಬೇಕು, ಬಿಡಲು ಹೇಳಿದಾಗ ಬಿಡಬೇಕು, ಕೈ ಮಾತ್ರ ಅಲುಗಾಡಬಾರದು. ಮೊದಲ ಸೂಜಿ ಹೋದೊಡನೆ ಅಬ್ಬಾ ಎಂದು ನಿಲ್ಲಿಸಿಬಿಡುವುದು ಎಲ್ಲರ ರೂಢಿ, ಎರಡನೆಯದು ಆಗಲೇ ಬರುತ್ತದೆ! ಎರಡಕ್ಕೂ ಟೇಪ್ ಅಂಟಿಸುವವರೆಗೆ ಎಣಿಕೆ ನಡೆಯಲಿ. ಮನೆಯಲ್ಲಿ ದಿನಕ್ಕೆ ಎರಡು ಸಲ ಹೀಗೆ ಅಭ್ಯಾಸ ಮಾಡಿದವರಿಗೆ ಮಾತ್ರ ಆಸ್ಪತ್ರೆಯ ಮಂಚದ ಮೇಲೆ ಇದು ಒದಗುತ್ತದೆ.

ಈ ಲೆಕ್ಕದಲ್ಲಿ ನಿಮಿಷಕ್ಕೆ ಆರು ಉಸಿರು ಆಗುತ್ತದೆ. ಎಣಿಸಲು ಬಾರದ ಅಜ್ಜ–ಅಜ್ಜಿಯರಿಗೆ ಏನು ಮಾಡೋಣ? 2001ರಲ್ಲಿ ಇಟಲಿಯ ವೈದ್ಯ ಬರ್ನಾರ್ಡಿ ಮತ್ತು ಸಂಗಡಿಗರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಕುತೂಹಲದ ಲೇಖನ ಪ್ರಕಟಿಸಿದರು. 23 ಆರೋಗ್ಯವಂತರು ಲ್ಯಾಟಿನ್ ಭಾಷೆಯಲ್ಲಿ ಜಪಸರದ ನಮೋ ಮರಿಯಾ ಪ್ರಾರ್ಥನೆಯನ್ನು ಹೇಳಿದಾಗಲೂ, ಯೋಗದ ಮಂತ್ರವನ್ನು ಜಪಿಸಿದಾಗಲೂ ಅವರ ಉಸಿರು ತಾನಾಗಿ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದಿತ್ತು. ಅದು ನೋವಿನ ಅಧ್ಯಯನವಲ್ಲ, ಆದರೂ ನಮಗೆ ಉಪಯೋಗಕ್ಕೆ ಬರುತ್ತದೆ. ಬಾಯಿಪಾಠ ಇರುವ ಪ್ರಾರ್ಥನೆಯೋ ಶ್ಲೋಕವೋ ವಚನವೋ, ಒಂದೊಂದು ಉಸಿರಿಗೆ ಒಂದೊಂದು ಸಾಲಿನಂತೆ ನಿಧಾನವಾಗಿ ಹೇಳಿಕೊಂಡರೆ ಎಣಿಕೆಯ ಅಗತ್ಯವಿಲ್ಲ.

ಕೆಲವು ಎಚ್ಚರಿಕೆಗಳನ್ನು ಹೇಳದೆ ಇರುವಂತಿಲ್ಲ. ಟಿವಿಯಲ್ಲಿ ನೋಡಿದ ಕಪಾಲಭಾತಿ, ಭಸ್ತ್ರಿಕಾ, ಉಸಿರು ಕಟ್ಟುವ ಕುಂಭಕ ಇಲ್ಲಿ ಬೇಡ. ರಕ್ತದೊತ್ತಡ, ಹೃದಯದ ತೊಂದರೆ ಇರುವವರೇ ಡಯಾಲಿಸಿಸ್‌ನಲ್ಲಿ ಹೆಚ್ಚು. ತಲೆ ಸುತ್ತಿದರೆ ಮಾಮೂಲಿ ಉಸಿರಿಗೆ ಮರಳಬೇಕು. ಏದುಸಿರು ಬಿಡುತ್ತಾ ಬಂದವರಿಗೆ ಇದು ವ್ಯಾಯಾಮದ ಹೊತ್ತಲ್ಲ, ತಕ್ಷಣ ವೈದ್ಯರಿಗೆ ತಿಳಿಸಬೇಕು. ಸೂಜಿ ಹಾಕಿದ ಬಳಿಕವೂ ನೋವು ಏರುತ್ತಿದ್ದರೆ, ಜಾಗ ಊದಿಕೊಂಡರೆ, ಕೆಂಪಾದರೆ, ಅಥವಾ ಫಿಸ್ಟುಲಾದ ಮೇಲೆ ಕೈಯಿಟ್ಟಾಗ ಸಿಗುವ ಗುಂಯ್‌ಗುಡುವ ಕಂಪನ ನಿಂತರೆ, ಉಸಿರಾಟದಿಂದ ಅದನ್ನು ಸಹಿಸಿಕೊಳ್ಳಬಾರದು. ಅದು ನಾಳಕ್ಕೆ ಪೆಟ್ಟಾದ ಅಥವಾ ಹೆಪ್ಪುಗಟ್ಟಿದ ಸೂಚನೆ ಇರಬಹುದು.

ಉಸಿರಿನಿಂದ ಮಾತ್ರ ಸಾಲದವರಿಗೆ ಬೇರೆ ನೆರವೂ ಇದೆ. ದೆಹಲಿಯ ಏಮ್ಸ್‌ನಲ್ಲಿ 60 ರೋಗಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಫಿಸ್ಟುಲಾ ಇಲ್ಲದ ಕೈಯ ಹೆಬ್ಬೆರಳು–ತೋರುಬೆರಳ ನಡುವೆ ಮಂಜುಗಡ್ಡೆ ಉಜ್ಜಿದಾಗ ಸೂಜಿಯ ನೋವು ಕಡಿಮೆಯಾದುದು ಕಂಡುಬಂತು. ಮರಗಟ್ಟಿಸುವ ಲಿಡೊಕೇಯ್ನ್–ಪ್ರೈಲೊಕೇಯ್ನ್ ಮುಲಾಮನ್ನು ವೈದ್ಯರನ್ನು ಕೇಳಿ ಬಳಸಬಹುದು, ಆದರೆ ಚುಚ್ಚುವುದಕ್ಕೆ ಸುಮಾರು ಒಂದು ಗಂಟೆ ಮೊದಲೇ ಹಚ್ಚಬೇಕು. ಹಳ್ಳಿಯಿಂದ ನಂಜನಗೂಡಿಗೋ ನರಸೀಪುರಕ್ಕೋ ಬಸ್ಸಿನಲ್ಲಿ ಬರುವವರು ಮನೆಯಲ್ಲೇ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿಕೊಂಡು ಹೊರಟರೆ ದಾರಿಯಲ್ಲೇ ಆ ಒಂದು ಗಂಟೆ ಕಳೆಯುತ್ತದೆ. ಆಸ್ಪತ್ರೆ ಮುಟ್ಟಿದ ಮೇಲೆ ಅದನ್ನು ಸೋಪು ಹಾಕಿ ಚೆನ್ನಾಗಿ ತೊಳೆದುಕೊಂಡೇ ಮಂಚ ಹತ್ತಬೇಕು.